ಮಗುವಿನ ಜ್ಞಾನಸ್ನಾನ: ತಾಯಂದಿರು ಮೊದಲೇ ತಿಳಿದಿರಬೇಕಾದ ವಿಷಯಗಳು



ನಮ್ಮ ಸಂಘಗಳ ಸಾಲದ ಪುಸ್ತಕ ತೆಗೆದು 'ಸಾಲದ ಉದ್ದೇಶ' ಎಂಬ ಕಲಂ ಮೇಲೆ ಕಣ್ಣಾಡಿಸಿದರೆ ಹಸು, ಶುಂಠಿ ಬೀಜ, ಹೊಗೆಸೊಪ್ಪಿನ ಗೊಬ್ಬರ, ಆಸ್ಪತ್ರೆ ಖರ್ಚು ಇವುಗಳ ನಡುವೆ 'ಮಗುವಿನ ಕಾರ್ಯ' ಅಂತಲೂ ಬರೆದಿರುತ್ತದೆ. ಕಾರ್ಯ ಅಂದರೆ ಕ್ರೈಸ್ತ ಕುಟುಂಬಗಳಲ್ಲಿ ಜ್ಞಾನಸ್ನಾನ. ದೇವಾಲಯದಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಒಂದು ಸಂಸ್ಕಾರಕ್ಕೆ ಸಾಲ ಯಾಕೆ ಬೇಕಾಯಿತು? ಸಾಲ ಸಂಸ್ಕಾರಕ್ಕಲ್ಲ, ಊಟಕ್ಕೆ. ಹಣ ಹೊಂದಿಸೋದಕ್ಕೆ ಆಗಲಿಲ್ಲ ಅಂತ ಜ್ಞಾನಸ್ನಾನವನ್ನೇ ಒಂದು ವರ್ಷ, ಎರಡು ವರ್ಷ ಮುಂದೂಡುವ ಮನೆಗಳೂ ಇವೆ. ಮಗು ಓಡಾಡಿಕೊಂಡು ಬಂದು ಜ್ಞಾನಸ್ನಾನ ತೊಟ್ಟಿಯ ಹತ್ತಿರ ನಿಲ್ಲುತ್ತದೆ.

ಅಂತರಸಂತೆ ಸುತ್ತಮುತ್ತ, ಎನ್.ಬೇಗೂರು, ಡಿ.ಬಿ.ಕುಪ್ಪೆ ಕಡೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರದ ಸಂಘಗಳಲ್ಲಿ ಎಲ್ಲ ಮತದ ಹೆಣ್ಣುಮಕ್ಕಳೂ ಇದ್ದೀರಿ. ಇದು ನಮಗೆ ಸಂಬಂಧಪಟ್ಟದ್ದಲ್ಲ ಅಂತ ಮಡಿಸಿ ಇಡಬೇಡಿ. ಜನನ ನೋಂದಣಿ, ಎಳೆ ಮಗುವಿನ ಆರೈಕೆ, ಊಟದ ಸಾಲ ಇವು ಎಲ್ಲರ ಮನೆಯ ಮಾತೇ.

ಯಾವಾಗ ಕೊಡಿಸಬೇಕು?

ಮಗು ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಜ್ಞಾನಸ್ನಾನ ಕೊಡಿಸುವುದು ತಂದೆತಾಯಿಯ ಕರ್ತವ್ಯ ಅಂತ ಧರ್ಮಸಭೆಯ 1983ರ ಕಾನೂನು ಸಂಹಿತೆ ಹೇಳುತ್ತದೆ. ವಾರ ಅಂತ ಹೇಳಿದೆ, ವರ್ಷ ಅಂತ ಹೇಳಿಲ್ಲ. ಹುಟ್ಟಿದ ಮೇಲೆ ಹೋಗಿ ಕೇಳಬೇಕು ಅಂತಲೂ ಇಲ್ಲ. ಬಸುರಿ ಇರುವಾಗಲೇ ಗುರುಗಳನ್ನು ಕಂಡು ಹೇಳಿಟ್ಟರೆ ತಯಾರಿ ಸಲೀಸು.

ದಿನ ಗೊತ್ತು ಮಾಡುವಾಗ ಪಂಚಾಂಗ ನೋಡೋದಕ್ಕಿಂತ ತಾಯಿ ಕಾರ್ಡ್ ನೋಡಿ. ಒಂದೂವರೆ ತಿಂಗಳಿಗೆ ಚುಚ್ಚುಮದ್ದು ಇರುತ್ತದೆ, ಆಮೇಲೆ ಎರಡೂವರೆ, ಮೂರೂವರೆ ತಿಂಗಳಿಗೆ. ಇಂಜೆಕ್ಷನ್ ಆದ ದಿನ, ಮಾರನೇ ದಿನ ಹಲವು ಮಕ್ಕಳಿಗೆ ಜ್ವರ ಬರುತ್ತದೆ, ತೊಡೆ ಊದುತ್ತದೆ, ಎತ್ತಿಕೊಂಡರೆ ಅಳುತ್ತವೆ. ಜ್ಞಾನಸ್ನಾನ ಇದೆ ಅಂತ ಇಂಜೆಕ್ಷನ್ ತಪ್ಪಿಸಬೇಡಿ. ಇಂಜೆಕ್ಷನ್ ಬಿದ್ದ ನಾಲ್ಕೈದು ದಿನ ಬಿಟ್ಟು ಬರುವ ಭಾನುವಾರ ಇಟ್ಟುಕೊಳ್ಳಿ. ಭಾನುವಾರ ಯಾಕೆಂದರೆ ಅದು ಪುನರುತ್ಥಾನದ ದಿನ, ಊರಿನ ವಿಶ್ವಾಸಿಗಳೆಲ್ಲ ಸೇರಿರುತ್ತಾರೆ. ಪಾಸ್ಕ ಜಾಗರಣೆಯ ರಾತ್ರಿಯೂ ಇದಕ್ಕೆ ವಿಶೇಷವಾದ ಹೊತ್ತು. ತಪಸ್ಸು ಕಾಲದಲ್ಲಿ ಕೊಡಲೇಬಾರದು ಅಂತ ನಿಷೇಧವೇನಿಲ್ಲ. ಆದರೆ ಹಲವು ಕಡೆ ಪಾಸ್ಕ ಹಬ್ಬದವರೆಗೆ ಕಾಯುವ ಪದ್ಧತಿ ಇದೆ, ನಿಮ್ಮ ಗುರುಗಳನ್ನು ಕೇಳಿ.

ಇನ್ನು ಬೇಸಾಯದ ಲೆಕ್ಕ. ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಬ್ಯಾರನ್ ಬಿಟ್ಟು ಗಂಡಸರೂ ಏಳೋದಿಲ್ಲ, ಹೆಂಗಸರೂ ಏಳೋದಿಲ್ಲ. ಕೊಡಗಿನ ತೋಟಕ್ಕೆ ಕಾಫಿ ಹಣ್ಣು ಬಿಡಿಸೋಕೆ ಹೋದವರು ವಾಪಸು ಬರೋದು ತಿಂಗಳುಗಟ್ಟಲೆ ತಡ. ಎಲ್ಲರೂ ಸೇರುವ ದಿನ ಹುಡುಕುತ್ತಾ ಹೋದರೆ ಮಗುವಿಗೆ ಹಲ್ಲು ಬಂದಿರುತ್ತದೆ. ತಂದೆ, ತಾಯಿ, ಜ್ಞಾನತಂದೆ ಅಥವಾ ಜ್ಞಾನತಾಯಿ ಇವರಿದ್ದರೆ ಸಾಕು. ಉಳಿದವರು ಆಮೇಲೆ ಬಂದು ಮಗು ನೋಡಿಕೊಂಡು ಹೋಗಲಿ.

ನೆಂಟರು ವಯನಾಡಿನ ಕಡೆಯಿಂದ ಬರುವವರಾದರೆ ಇನ್ನೊಂದು ಮಾತು. ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ಕಾಡಿನೊಳಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ, 2008ರಿಂದ ಈ ನಿರ್ಬಂಧ ಇದೆ. ಮಧ್ಯಾಹ್ನದ ಕಾರ್ಯ ಇಟ್ಟರೆ ಅವರು ಊಟ ಮಾಡೋದೋ, ಗೇಟು ಹಿಡಿಯೋದೋ? ಬೆಳಗಿನ ಪೂಜೆಯಲ್ಲೇ ಮುಗಿಸಿ.

ಬಾಣಂತಿ ದೇವಾಲಯಕ್ಕೆ ಬರಬಹುದೇ?

ಬರಬಹುದು. ಬರಬೇಕು ಕೂಡ. ಹಿಂದಿನ ಕಾಲದಲ್ಲಿ ಮಗು ಹುಟ್ಟಿದ ಒಂದೆರಡು ದಿನಕ್ಕೇ ಜ್ಞಾನತಾಯಿ ಎತ್ತಿಕೊಂಡು ಹೋಗಿ ಜ್ಞಾನಸ್ನಾನ ಮಾಡಿಸಿಕೊಂಡು ಬರುತ್ತಿದ್ದರು, ಹೆತ್ತವಳು ಮನೆಯಲ್ಲೇ ಮಲಗಿರುತ್ತಿದ್ದಳು. ಮಗುವಿನ ಹೆಸರು ಏನಿಟ್ಟರು ಅಂತ ಅವರು ವಾಪಸು ಬಂದ ಮೇಲೆ ಅವಳಿಗೆ ಗೊತ್ತಾಗುತ್ತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ 1969ರಲ್ಲಿ ಮಕ್ಕಳ ಜ್ಞಾನಸ್ನಾನಕ್ಕೆಂದೇ ಹೊಸ ವಿಧಿ ಬಂತು. ಅದರಲ್ಲಿ ಮೊದಲ ಸ್ಥಾನ ತಂದೆತಾಯಿಗೆ. ಹೆಸರು ಹೇಳುವವರು ಅವರು, ಹಣೆಯ ಮೇಲೆ ಶಿಲುಬೆ ಗುರುತು ಹಾಕುವವರು ಅವರು, ಕೊನೆಯಲ್ಲಿ ಗುರುಗಳು ತಾಯಿಗೇ ಬೇರೆಯಾಗಿ ಆಶೀರ್ವಾದ ಕೊಡುತ್ತಾರೆ.

ಆದರೂ ನಮ್ಮ ಹಳ್ಳಿಗಳಲ್ಲಿ 'ಬಾಣಂತಿ ಮೈಲಿಗೆ, ನಲವತ್ತು ದಿನ ಆಗಲಿ' ಎನ್ನುವ ಮಾತು ಹೋಗಿಲ್ಲ. ಮೈಲಿಗೆಯ ಕಾರಣಕ್ಕೆ ತಾಯಿಯನ್ನು ಹೊರಗಿಡುವ ನಿಯಮ ಧರ್ಮಸಭೆಯಲ್ಲಿಲ್ಲ. ಮೈಗೆ ವಿಶ್ರಾಂತಿ ಬೇಕು ಅನ್ನುವುದು ಬೇರೆ ವಿಷಯ, ಅದು ಸರಿ. ಸಿಸೇರಿಯನ್ ಆದ ತಾಯಿಗೆ ಆಟೋದಲ್ಲಿ ಕುಲುಕಿಕೊಂಡು ಬರುವುದು ಕಷ್ಟ, ಅಂಥವರಿಗೆ ಇನ್ನೆರಡು ವಾರ ತಡವಾದರೂ ತೊಂದರೆಯಿಲ್ಲ. ಬಂದ ತಾಯಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ. ಮಗು ಅತ್ತರೆ ಹಾಲು ಕೊಡಲು ಒಂದು ಮರೆ ಜಾಗ ತೋರಿಸಿ. ಈ ಕೆಲಸವನ್ನು ಆಯಾ ಊರಿನ ಸಂಘದವರು ವಹಿಸಿಕೊಂಡರೆ ಚೆನ್ನ.

ಯಾವ ದೇವಾಲಯ, ಯಾವ ಕಾಗದ

ಸಾಮಾನ್ಯವಾಗಿ ತಂದೆತಾಯಿ ವಾಸವಿರುವ ಧರ್ಮಕೇಂದ್ರದ ದೇವಾಲಯದಲ್ಲೇ ಜ್ಞಾನಸ್ನಾನ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲಿ. ಅಲ್ಲೇ ಜ್ಞಾನಸ್ನಾನವೂ ಆಗಲಿ ಅಂತ ತವರಿನವರ ಆಸೆ. ತಕ್ಕ ಕಾರಣ ಇದ್ದರೆ ಆಗಬಹುದು. ಆದರೆ ನಿಮ್ಮ ಸ್ವಂತ ಧರ್ಮಕೇಂದ್ರದ ಗುರುಗಳಿಂದ ಒಂದು ಪತ್ರ ತಂದುಕೊಡಿ. ಡೋರನಹಳ್ಳಿಯ ಸಂತ ಅಂತೋಣಿಯವರಲ್ಲಿ ಮಗುವಿಗಾಗಿ ಹರಕೆ ಹೊತ್ತವರು ಬಹಳ. 2019ರಲ್ಲಿ ಆ ದೇವಾಲಯ ಬಸಿಲಿಕ ಆದ ಮೇಲೆ ಹೋಗುವವರು ಇನ್ನೂ ಹೆಚ್ಚು. ಹರಕೆ ಬೇರೆ, ಜ್ಞಾನಸ್ನಾನ ಬೇರೆ. ಜ್ಞಾನಸ್ನಾನ ಊರಲ್ಲಿ ಮುಗಿಸಿ, ಹರಕೆ ಆಮೇಲೆ ತೀರಿಸಬಹುದು. ಜೂನ್ 13ರ ಹಬ್ಬದ ನೂಕುನುಗ್ಗಲಿಗೆ ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಹೋಗುವುದು ಬೇಡವೇ ಬೇಡ.

ಗುರುಗಳ ಬಳಿ ಹೋಗುವಾಗ ಮಗುವಿನ ಜನನ ಪತ್ರ, ತಂದೆತಾಯಿಯ ಮದುವೆ ಪತ್ರ, ಧರ್ಮಕೇಂದ್ರದ ಕುಟುಂಬ ಕಾರ್ಡ್, ಜ್ಞಾನತಂದೆ–ಜ್ಞಾನತಾಯಿ ಬೇರೆ ಊರಿನವರಾದರೆ ಅವರ ಗುರುಗಳ ಪತ್ರ ಇಟ್ಟುಕೊಂಡಿರಿ. ಒಂದೊಂದು ಕಡೆ ಒಂದೊಂದು ಕಾಗದ ಹೆಚ್ಚಾಗಿ ಕೇಳುತ್ತಾರೆ. ತಂದೆತಾಯಿಗೆ ಒಂದೆರಡು ತಯಾರಿ ತರಗತಿಗಳೂ ಇರುತ್ತವೆ. 'ಇವರೊಬ್ಬಳೇ ಹೋಗಲಿ, ನನಗೆ ಕೆಲಸ ಇದೆ' ಅಂತ ಗಂಡಸರು ತಪ್ಪಿಸಿಕೊಳ್ಳುತ್ತಾರೆ. ಬಿಡಬೇಡಿ. ತೊಟ್ಟಿಯ ಮುಂದೆ ಮಾತು ಕೊಡುವವರು ಇಬ್ಬರೂ.

ವಂತಿಗೆ ಬಾಕಿ ಇದೆ, ಕಾಣಿಕೆಗೆ ಹಣ ಇಲ್ಲ, ಹಾಗಾಗಿ ಹೋಗೋಕೆ ನಾಚಿಕೆ ಎನ್ನುವವರಿಗೆ: ಬಡತನದ ಕಾರಣಕ್ಕೆ ಯಾರಿಗೂ ಸಂಸ್ಕಾರ ತಪ್ಪಬಾರದು ಎಂದು ಅದೇ ಕಾನೂನು ಸಂಹಿತೆಯಲ್ಲಿ ಬರೆದಿದೆ. ಗುರುಗಳ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿ.

ಗಂಡ ಇಲ್ಲದೆ ಹೆತ್ತ ತಾಯಿಯ ಮಗುವಿಗೂ ಜ್ಞಾನಸ್ನಾನ ಉಂಟು. ರಿಜಿಸ್ಟರಿನಲ್ಲಿ ತಾಯಿಯ ಹೆಸರು ಬರೆಯಲಾಗುತ್ತದೆ. ತಂದೆಯ ಹೆಸರು ಬರೆಯಬೇಕಾದರೆ ಸಾರ್ವಜನಿಕ ದಾಖಲೆ ಬೇಕು, ಇಲ್ಲವೇ ಆತನೇ ಗುರುಗಳ ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಬೇಕು. ಸಂಘದಲ್ಲಿ ಇಂಥ ಒಬ್ಬ ತಂಗಿ ಇದ್ದರೆ ಅವಳ ಜೊತೆ ಇಬ್ಬರು ಹೋಗಿ ಬನ್ನಿ, ಒಬ್ಬಳನ್ನೇ ಕಳಿಸಬೇಡಿ.

ಗಂಡ ಹೆಂಡತಿಯಲ್ಲಿ ಒಬ್ಬರು ಮಾತ್ರ ಕಥೋಲಿಕರಾದರೆ? ತಂದೆತಾಯಿಯಲ್ಲಿ ಕನಿಷ್ಠ ಒಬ್ಬರ ಒಪ್ಪಿಗೆ ಬೇಕು, ಮಗು ವಿಶ್ವಾಸದಲ್ಲಿ ಬೆಳೆಯುತ್ತದೆ ಎಂಬ ಭರವಸೆ ಇರಬೇಕು ಎನ್ನುತ್ತದೆ ನಿಯಮ. ನಮ್ಮ ಅಭಿಪ್ರಾಯದಲ್ಲಿ ಇಬ್ಬರೂ ಕೂತು ಮಾತಾಡಿ, ಎರಡೂ ಮನೆಯ ಹಿರಿಯರಿಗೆ ತಿಳಿಸಿ ಮಾಡುವುದೇ ಒಳ್ಳೆಯದು. ಅತ್ತೆಗೆ ಗೊತ್ತಿಲ್ಲದೆ ಕದ್ದು ಮಾಡಿದ ಜ್ಞಾನಸ್ನಾನದಿಂದ ಮನೆಯಲ್ಲಿ ಜಗಳ ಮಾತ್ರ ಉಳಿಯುತ್ತದೆ.

ವಯನಾಡಿನಿಂದ ಬಂದು ಈ ಕಡೆ ನೆಲೆಸಿದ ಸೀರೋ ಮಲಬಾರ್ ಕುಟುಂಬಗಳೂ ನಮ್ಮ ನಡುವೆ ಇವೆ. ಅವರಿಗೆ 2010ರಲ್ಲಿ ಸ್ಥಾಪನೆಯಾದ ಮಂಡ್ಯ ಧರ್ಮಕ್ಷೇತ್ರ ಇದೆ, ಮೈಸೂರು ಜಿಲ್ಲೆಯೂ ಅದಕ್ಕೆ ಸೇರುತ್ತದೆ. ತಂದೆ ಸೀರೋ ಮಲಬಾರ್, ತಾಯಿ ನಮ್ಮ ಲತೀನ್ ವಿಧಿಯವಳು ಎಂದಾಗ ಮಗು ತಂದೆಯ ಸಭೆಗೆ ಸೇರುತ್ತದೆ. ಇಬ್ಬರೂ ಒಪ್ಪಿ ಲತೀನ್ ಸಭೆ ಆರಿಸಿಕೊಂಡರೆ ಅದಕ್ಕೂ ಅವಕಾಶ ಇದೆ. ಪೂರ್ವದ ಸಭೆಗಳಲ್ಲಿ ಜ್ಞಾನಸ್ನಾನದ ಜೊತೆಗೇ ದೃಢೀಕರಣವನ್ನೂ ಕೊಡುವ ಪದ್ಧತಿ. ಹಾಗಾಗಿದ್ದರೆ ಪತ್ರದಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಹನ್ನೆರಡು ವರ್ಷದ ನಂತರ ಇಲ್ಲಿ ದೃಢೀಕರಣದ ಪಟ್ಟಿಗೆ ಮತ್ತೆ ಹೆಸರು ಹೋಗುತ್ತದೆ.

ಜ್ಞಾನತಂದೆ, ಜ್ಞಾನತಾಯಿ

ಸರ ಹಾಕುವವರು ಯಾರು ಅಂತ ನೋಡಿ ಜ್ಞಾನತಾಯಿಯನ್ನು ಆರಿಸುವುದು ನಮ್ಮಲ್ಲಿ ಬೆಳೆದಿರುವ ಕೆಟ್ಟ ರೂಢಿ. 'ಅವರು ದುಬೈಯಲ್ಲಿದ್ದಾರೆ, ಅರ್ಧ ಪವನ್ ಆದರೂ ಹಾಕ್ತಾರೆ' ಅನ್ನುವ ಮಾತು ಕೇಳಿಲ್ಲದವರು ಯಾರು? ಇನ್ನೊಂದು ಕಡೆ, ಕರೆದರೆ ಚಿನ್ನ ಹಾಕಬೇಕಾಗುತ್ತದೆ ಅಂತ ಹೆದರಿ ಒಳ್ಳೆಯ ಮನಸ್ಸಿನ ಬಡ ಚಿಕ್ಕಮ್ಮ ಹಿಂದೆ ಸರಿಯುತ್ತಾಳೆ.

ನಿಯಮ ಕೇಳುವುದು ಚಿನ್ನವನ್ನಲ್ಲ. 16 ವರ್ಷ ತುಂಬಿರಬೇಕು. ಕಥೋಲಿಕರಾಗಿದ್ದು ಪರಮಪ್ರಸಾದ, ದೃಢೀಕರಣ ಪಡೆದಿರಬೇಕು. ವಿಶ್ವಾಸಕ್ಕೆ ತಕ್ಕ ಬಾಳು ಇರಬೇಕು. ಮಗುವಿನ ತಂದೆತಾಯಿಯೇ ಆಗಿರಬಾರದು. ಒಬ್ಬರಿದ್ದರೂ ಸಾಕು, ಇಬ್ಬರಾದರೆ ಒಬ್ಬ ಗಂಡು ಒಬ್ಬ ಹೆಣ್ಣು. ಮೂರು ಜೋಡಿ, ನಾಲ್ಕು ಜೋಡಿ ನಿಲ್ಲಿಸುವುದಕ್ಕೆ ಅವಕಾಶವಿಲ್ಲ. ಬೇರೆ ಕ್ರೈಸ್ತ ಸಭೆಯ ಸ್ನೇಹಿತೆ, ಸಿ.ಎಸ್.ಐ.ನವರು ಅಂತ ಇಟ್ಟುಕೊಳ್ಳಿ, ಕಥೋಲಿಕ ಜ್ಞಾನತಂದೆ ಅಥವಾ ಜ್ಞಾನತಾಯಿಯ ಜೊತೆಗೆ ಸಾಕ್ಷಿಯಾಗಿ ನಿಲ್ಲಬಹುದು.

ತಂದೆತಾಯಿಗೆ ಹೆಚ್ಚುಕಡಿಮೆ ಆದರೆ ಈ ಮಗುವನ್ನು ಕೈಹಿಡಿದು ನಡೆಸುವವರು ಯಾರು? ಶಾಲೆ ಬಿಟ್ಟು ತೋಟದ ಕೆಲಸಕ್ಕೆ ಹೊರಟಾಗ 'ಬೇಡ ಮಗ' ಅಂತ ಮನೆಗೆ ಬಂದು ಹೇಳುವವರು ಯಾರು? ಅಂಥವರನ್ನು ಹುಡುಕಿ. ಅಂಥವರು ಹೆಚ್ಚಾಗಿ ನಿಮ್ಮ ಬೀದಿಯಲ್ಲೇ ಇರುತ್ತಾರೆ, ನಿಮ್ಮ ಸಂಘದಲ್ಲೇ ಇದ್ದರೂ ಇರಬಹುದು.

ಹೆಸರು ಮತ್ತು ಸರ್ಕಾರಿ ದಾಖಲೆ

ಹಿಂದೆ ನಮ್ಮ ಕಡೆ ಹೆಸರು ಕೇಳಿದರೇ ಯಾವ ಸಂತರದು ಅಂತ ತಿಳಿಯುತ್ತಿತ್ತು. ರಾಯಪ್ಪ ಅಂದರೆ ಸಂತ ಪೇತ್ರ, ಚಿನ್ನಪ್ಪ ಅಂದರೆ ಸಂತ ಪೌಲ, ಅರುಳಪ್ಪ ಅಂದರೆ ಯೊವಾನ್ನ, ಇನ್ನಾಸಪ್ಪ ಅಂದರೆ ಇಗ್ನಾಸಿ, ಚೌರಪ್ಪ ಅಂದರೆ ಫ್ರಾನ್ಸಿಸ್ ಜೇವಿಯರ್. ಈಗಿನ ತಾಯಂದಿರಿಗೆ ಆ ಹೆಸರು ಹಳೆಯದಾಗಿ ಕಾಣುತ್ತದೆ. ಇರಲಿ. ಸಂತರ ಹೆಸರೇ ಕಡ್ಡಾಯ ಅಂತ ಈಗ ಇಲ್ಲ, ಕ್ರೈಸ್ತ ಭಾವನೆಗೆ ಹೊಂದದ ಹೆಸರು ಬೇಡ ಅಂತಷ್ಟೇ ಇದೆ.

ತೊಂದರೆ ಬರುವುದು ಹೆಸರಿನ ಅಂದದಲ್ಲಲ್ಲ, ಹೆಸರಿನ ಸಂಖ್ಯೆಯಲ್ಲಿ. ಮನೆಯಲ್ಲಿ ಕರೆಯೋದು ಒಂದು, ದೇವಾಲಯದ ರಿಜಿಸ್ಟರಿನಲ್ಲಿ ಇನ್ನೊಂದು, ಜನನ ಪತ್ರದಲ್ಲಿ ಮತ್ತೊಂದು, ಆಧಾರ್‌ನಲ್ಲಿ ಇನಿಷಿಯಲ್ ಹಿಂದುಮುಂದು. ಹದಿನೆಂಟು ವರ್ಷ ಆದ ಮೇಲೆ ಅಫಿಡವಿಟ್ ಮಾಡಿಸೋಕೆ ಎಚ್.ಡಿ.ಕೋಟೆಗೆ ಅಲೆಯುವವರು ನೀವೇ. ಜನನ ಪತ್ರದಲ್ಲಿ ಇರುವ ಹೆಸರು, ಅದೇ ಅಕ್ಷರ, ದೇವಾಲಯದ ರಿಜಿಸ್ಟರಿನಲ್ಲೂ ಇರಲಿ. ಸಂತರ ಹೆಸರು ಸೇರಿಸಬೇಕೆಂದಿದ್ದರೆ ಎರಡರಲ್ಲೂ ಸೇರಿಸಿ.

ಜ್ಞಾನಸ್ನಾನ ಪತ್ರ ಇದ್ದರೆ ಜನನ ಪತ್ರ ಬೇಕಿಲ್ಲ ಎಂದು ತಿಳಿದವರು ಇನ್ನೂ ಇದ್ದಾರೆ. ಹಳಬರಿಗೆ ಅದು ನಡೆಯುತ್ತಿತ್ತು. ಈಗ ನಡೆಯುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿದೆ. ಅದು ಜಾರಿಗೆ ಬಂದ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಮತದಾರರ ಪಟ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೆ, ಸರ್ಕಾರಿ ಕೆಲಸಕ್ಕೆ ಹುಟ್ಟಿದ ದಿನ ಮತ್ತು ಸ್ಥಳದ ಸಾಕ್ಷಿ ಜನನ ಪತ್ರವೇ. 21 ದಿನದೊಳಗೆ ಜನನ ತಿಳಿಸಬೇಕು, ಆಗ ಶುಲ್ಕವಿಲ್ಲ. 30 ದಿನದವರೆಗೆ ಸ್ವಲ್ಪ ತಡ ಶುಲ್ಕ. ಅದು ದಾಟಿ ಒಂದು ವರ್ಷದವರೆಗೆ ಮೇಲಧಿಕಾರಿಯ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಬಿಡುಗಡೆ ಆಗುವ ಮುಂಚೆಯೇ ಕೇಳಿ. ಹಾಡಿಯಲ್ಲೋ ಮನೆಯಲ್ಲೋ ಆಗಿದ್ದರೆ ಆಶಾ ಕಾರ್ಯಕರ್ತೆಯನ್ನು, ಪಂಚಾಯಿತಿಯನ್ನು ವಿಚಾರಿಸಿ. ಹೆಸರು ಇನ್ನೂ ಗೊತ್ತು ಮಾಡಿಲ್ಲ ಅಂತ ನೋಂದಣಿ ನಿಲ್ಲಿಸಬೇಡಿ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ, ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದ್ದರಿಂದ ಹೆಸರು ಗಟ್ಟಿ ಮಾಡಿಕೊಂಡು, ಜನನ ಪತ್ರಕ್ಕೆ ಸೇರಿಸಿ, ಆಮೇಲೆ ಗುರುಗಳ ಬಳಿ ಹೋಗುವುದು ಒಳ್ಳೆಯ ಕ್ರಮ.

ಆ ದಿನ ಏನೇನು ನಡೆಯುತ್ತದೆ

ದೇವಾಲಯದ ಬಾಗಿಲಲ್ಲೇ ಗುರುಗಳು ಎದುರುಗೊಂಡು, ಮಗುವಿಗೆ ಏನು ಹೆಸರು, ಧರ್ಮಸಭೆಯಿಂದ ಏನು ಕೇಳುತ್ತೀರಿ ಎಂದು ಕೇಳುತ್ತಾರೆ. ಜೋರಾಗಿ ಹೇಳಿ, ತಲೆ ತಗ್ಗಿಸಿಕೊಂಡು ಗೊಣಗಬೇಡಿ. ಗುರುಗಳು, ತಂದೆತಾಯಿ, ಜ್ಞಾನತಂದೆ–ತಾಯಿ ಮಗುವಿನ ಹಣೆಗೆ ಶಿಲುಬೆ ಗುರುತು ಹಾಕುತ್ತಾರೆ. ಒಳಗೆ ಬೈಬಲ್ ವಾಚನ, ಪ್ರಾರ್ಥನೆ. ಎದೆಯ ಮೇಲೆ ಮೊದಲ ತೈಲ ಹಚ್ಚುತ್ತಾರೆ, ಅದಕ್ಕೇ ಅಂಗಿಯ ಮುಂಭಾಗ ಸುಲಭವಾಗಿ ಬಿಚ್ಚುವಂತಿರಲಿ. ನೀರನ್ನು ಆಶೀರ್ವದಿಸುತ್ತಾರೆ. ಆಮೇಲೆ ಪ್ರಶ್ನೆಗಳು. ಸೈತಾನನನ್ನು ತ್ಯಜಿಸುತ್ತೀರಾ, ವಿಶ್ವಾಸಿಸುತ್ತೀರಾ ಎಂದು ಕೇಳುವುದು ಮಗುವನ್ನಲ್ಲ, ನಿಮ್ಮನ್ನು. ಮನೆಯಲ್ಲಿ ಒಮ್ಮೆ ಓದಿಕೊಂಡು ಬನ್ನಿ.

ನಂತರ ಮುಖ್ಯ ಕೆಲಸ. ತ್ರಿಯೇಕ ದೇವರ ಹೆಸರು ಹೇಳುತ್ತಾ ತಲೆಯ ಮೇಲೆ ಮೂರು ಸಲ ನೀರು ಸುರಿಯುತ್ತಾರೆ. 'ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ' ಎನ್ನಬೇಕು, 'ನಾವು' ಎನ್ನುವಂತಿಲ್ಲ. ಇದು ಸಣ್ಣ ಮಾತಲ್ಲ. 'ನಾವು' ಎಂದು ಹೇಳಿ ಕೊಟ್ಟದ್ದು ಜ್ಞಾನಸ್ನಾನವೇ ಅಲ್ಲ ಎಂದು ವ್ಯಾಟಿಕನ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಅಮೆರಿಕದ ಫೀನಿಕ್ಸ್ ಧರ್ಮಕ್ಷೇತ್ರದಲ್ಲಿ ಗುರುಗಳೊಬ್ಬರು ವರ್ಷಗಟ್ಟಲೆ ಹಾಗೆ ಹೇಳಿದ್ದು ತಿಳಿದು 2022ರಲ್ಲಿ ಸಾವಿರಾರು ಜನರನ್ನು ಹುಡುಕಿ ಮತ್ತೆ ಕೊಡಬೇಕಾಯಿತು. ಕೊಡುವವನು ಕ್ರಿಸ್ತನೇ, ಊರಿನ ಗುಂಪಲ್ಲ ಅನ್ನುವುದು ಇದರ ಹಿಂದಿನ ಅರ್ಥ.

ನೆತ್ತಿಗೆ ಕ್ರಿಸ್ಮಾ ತೈಲ. ಪಾಸ್ಕ ಹಬ್ಬಕ್ಕೆ ಮುಂಚೆ ಬಿಷಪರು ಗುರುಗಳೆಲ್ಲರ ಜೊತೆ ಸೇರಿ ಪವಿತ್ರೀಕರಿಸಿದ, ಪರಿಮಳ ಬೆರೆಸಿದ ಎಣ್ಣೆ ಇದು, ಆಮೇಲೆ ಎಲ್ಲ ಧರ್ಮಕೇಂದ್ರಗಳಿಗೂ ಹಂಚಿಕೆಯಾಗುತ್ತದೆ. ಬಿಳಿ ಬಟ್ಟೆ ಹೊದಿಸುತ್ತಾರೆ, ಪಾಸ್ಕ ಮೇಣದ ಬತ್ತಿಯಿಂದ ಒಂದು ಬತ್ತಿ ಹಚ್ಚಿ ಕೊಡುತ್ತಾರೆ. ಬತ್ತಿಯನ್ನು ಮಗು ಎತ್ತಿಕೊಂಡವರು ಹಿಡಿಯಬೇಡಿ, ಜ್ಞಾನತಂದೆ ಹಿಡಿಯಲಿ. ನೈಲಾನ್ ಗೌನು, ಬೆಂಕಿ, ಎಳೆ ಮಗು ಮೂರೂ ಒಂದೇ ಕಡೆ ಇರಬಾರದು.

ಆ ಗೌನಿನ ಬಗ್ಗೆಯೇ ಒಂದು ಮಾತು. ಮೈಸೂರಿನಿಂದ ಸಾವಿರಾರು ರೂಪಾಯಿ ಕೊಟ್ಟು ತಂದ ಜರಿ ಲೇಸಿನ ಗೌನು ಮಗುವಿನ ಕತ್ತು ಕೆರೆಯುತ್ತದೆ, ಸೆಕೆಗೆ ಮೈಯೆಲ್ಲ ಬೊಕ್ಕೆ. ಟೈಲರಿಂಗ್ ಕಲಿತ ತಂಗಿಯರು ನಮ್ಮ ಸಂಘಗಳಲ್ಲೇ ಬೇಕಾದಷ್ಟು ಜನ ಇದ್ದಾರೆ. ಒಂದು ಮೀಟರ್ ಬಿಳಿ ಹತ್ತಿ ಬಟ್ಟೆಯಲ್ಲಿ ಮೃದುವಾದ ಅಂಗಿ ಆಗುತ್ತದೆ. ಒಗೆದು ಮಡಿಸಿಟ್ಟರೆ ತಮ್ಮನಿಗೂ ಆಯಿತು, ತಂಗಿಗೂ ಆಯಿತು.

ನೀರು ತಣ್ಣಗಿರಬೇಕು ಎಂದೇನೂ ಇಲ್ಲ. ಮಳೆಗಾಲ, ಚಳಿಗಾಲದಲ್ಲಿ ಬೆಚ್ಚನೆ ನೀರು ಇಡಲು ಉಪದೇಶಿಯವರಿಗೆ ಮೊದಲೇ ಹೇಳಿ. ತಲೆ ಒರೆಸಲು ಒಣ ಟವೆಲ್, ಟೋಪಿ ಇರಲಿ. ತೂಕ ಕಡಿಮೆ ಇರುವ ಕೂಸಿಗೆ ಇದು ಬಹಳ ಮುಖ್ಯ. ಕಾರ್ಯ ಮುಗಿದ ಮೇಲೆ ಎಲ್ಲರ ಕೈಯಿಂದ ಕೈಗೆ ಮಗು ದಾಟಿಸುವುದು, ಕೆನ್ನೆಗೆ ಮುತ್ತು, ಬಾಯಿಗೆ ಜೇನು, ಸಕ್ಕರೆ ನೀರು, ಪಾಯಸದ ಚೂರು ಇದ್ಯಾವುದೂ ಬೇಡ. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಕೊಡಬಾರದು. ಕೆಮ್ಮು ನೆಗಡಿ ಇದ್ದವರು ದೂರದಿಂದಲೇ ನೋಡಿ ಹರಸಲಿ.

ಮಗುವಿನ ಜೀವಕ್ಕೆ ಅಪಾಯ ಇದ್ದರೆ

ಇದನ್ನು ನಿಧಾನವಾಗಿ ಓದಿ, ಓದು ಬಾರದವರಿಗೆ ಓದಿ ಹೇಳಿ. ತಿಂಗಳು ತುಂಬದೆ ಹುಟ್ಟಿದ, ಉಸಿರಾಟಕ್ಕೆ ಕಷ್ಟ ಪಡುತ್ತಿರುವ ಮಗು ಇದ್ದರೆ ಮೊದಲ ಕೆಲಸ 108ಕ್ಕೆ ಫೋನ್. ಆಸ್ಪತ್ರೆಗೆ ಸಾಗಿಸುವುದನ್ನು ಯಾವ ಪ್ರಾರ್ಥನೆಗೂ ನಿಲ್ಲಿಸಬೇಡಿ. ದಾರಿಯಲ್ಲೋ ವಾರ್ಡಿನಲ್ಲೋ ಮಗು ಉಳಿಯುವುದು ಕಷ್ಟ ಎನ್ನಿಸಿದರೆ, ಗುರುಗಳು ಬರುವವರೆಗೆ ಹೊತ್ತಿಲ್ಲವಾದರೆ, ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ತಾಯಿ, ತಂದೆ, ಅಜ್ಜಿ, ನರ್ಸಮ್ಮ, ಆಶಾ ಕಾರ್ಯಕರ್ತೆ, ಕ್ರೈಸ್ತರಲ್ಲದವರೂ ಸಹ. ಧರ್ಮಸಭೆ ಏನನ್ನು ಮಾಡಲು ಉದ್ದೇಶಿಸುತ್ತದೋ ಅದನ್ನೇ ಮಾಡುತ್ತಿದ್ದೇನೆ ಎಂಬ ಮನಸ್ಸಿದ್ದರೆ ಸಾಕು. ಶುದ್ಧ ನೀರನ್ನು ಮಗುವಿನ ತಲೆಯ ಮೇಲೆ ಮೂರು ಸಲ ಹರಿಯುವಂತೆ ಸ್ವಲ್ಪ ಸ್ವಲ್ಪವೇ ಸುರಿಯುತ್ತಾ, ಹೆಸರು ಹೇಳಿ, 'ಪಿತನ, ಪುತ್ರನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ' ಎಂದು ಹೇಳಬೇಕು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಮಗುವಾದರೆ ಡಾಕ್ಟರ ಅನುಮತಿ ಕೇಳಿ, ನರ್ಸ್ ಕೈಯಿಂದಲೇ ಮಾಡಿಸಿ. ದಿನ, ಸ್ಥಳ, ಕೊಟ್ಟವರ ಹೆಸರು, ನೋಡಿದವರ ಹೆಸರು ಒಂದು ಚೀಟಿಯಲ್ಲಿ ಬರೆದಿಟ್ಟು ಗುರುಗಳಿಗೆ ಕೊಡಿ. ಮಗು ಗುಣವಾಗಿ ಮನೆಗೆ ಬಂದರೆ ನೀರಿನ ಜ್ಞಾನಸ್ನಾನ ಮತ್ತೊಮ್ಮೆ ಕೊಡುವುದಿಲ್ಲ. ಉಳಿದ ವಿಧಿಗಳನ್ನು ದೇವಾಲಯದಲ್ಲಿ ಪೂರೈಸುತ್ತಾರೆ.

ಕೊಡುವ ಮುಂಚೆಯೇ ಮಗು ಹೋಗಿಬಿಟ್ಟರೆ? ಹಲವು ತಾಯಂದಿರು ಈ ಭಾರವನ್ನು ಎಷ್ಟೋ ವರ್ಷ ಒಳಗೇ ಹೊತ್ತಿರುತ್ತಾರೆ. ನಿನ್ನ ಮಗು ದೇವರ ಮುಖ ನೋಡೋದಿಲ್ಲ ಎಂದು ಯಾರಾದರೂ ಹೇಳಿದ್ದರೆ ಆ ಮಾತನ್ನು ಮನಸ್ಸಿನಿಂದ ತೆಗೆಯಿರಿ. ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಎಂದು 1992ರ ಧರ್ಮೋಪದೇಶ ಗ್ರಂಥ ಹೇಳುತ್ತದೆ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಪ್ರಕಟಿಸಿದ ಬರಹದಲ್ಲೂ ಅವರ ರಕ್ಷಣೆಗೆ ಭರವಸೆಯಿಡಲು ಬಲವಾದ ಕಾರಣಗಳಿವೆ ಎಂದಿದೆ. ತಂದೆತಾಯಿ ಜ್ಞಾನಸ್ನಾನ ಕೊಡಿಸಬೇಕೆಂದಿದ್ದ ಮಗುವಿಗೆ ಬಿಷಪರ ಅನುಮತಿಯಿಂದ ಧರ್ಮಸಭೆಯ ಅಂತ್ಯಸಂಸ್ಕಾರ ಮಾಡಬಹುದು. ಹೊಲದ ಬದುವಿನಲ್ಲಿ ಸದ್ದಿಲ್ಲದೆ ಮಣ್ಣು ಮಾಡಿ ಬರುವುದಕ್ಕೆ ಮುಂಚೆ ಗುರುಗಳಿಗೆ ತಿಳಿಸಿ.

ಊಟದ ಲೆಕ್ಕ

ಈಗ ಸಾಲದ ಪುಸ್ತಕಕ್ಕೆ ಬರೋಣ. ಸಂಘದಿಂದ 20,000 ರೂ. ಊಟಕ್ಕೆಂದು ತೆಗೆದಿರಿ ಅಂದುಕೊಳ್ಳಿ. ನೂರಕ್ಕೆ ತಿಂಗಳಿಗೆ 2 ರೂ. ಬಡ್ಡಿ, ತಿಂಗಳಿಗೆ 2,000 ಅಸಲು ಕಟ್ಟುತ್ತಾ ಹೋದರೆ ಹತ್ತು ತಿಂಗಳಲ್ಲಿ ಬಡ್ಡಿ ಒಟ್ಟು 2,200 ರೂ. ಅದೇ 20,000ವನ್ನು ಹೊರಗೆ 5 ರೂ. ಬಡ್ಡಿಗೆ ತಂದು ಬಡ್ಡಿ ಮಾತ್ರ ಕಟ್ಟಿಕೊಂಡು ಹೋದರೆ ತಿಂಗಳಿಗೆ 1,000, ಹತ್ತು ತಿಂಗಳಿಗೆ 10,000 ರೂ. ಹೋಯಿತು, ಅಸಲು 20,000 ಹಾಗೇ ನಿಂತಿದೆ. ಮಗು ಅಂಬೆಗಾಲಿಡುತ್ತಿದೆ, ತಿಂದವರು ಊಟದ ರುಚಿ ಮರೆತಿದ್ದಾರೆ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಅಂದರೆ ಪರಿಸ್ಥಿತಿ ಹೇಗಿತ್ತು ಎಂದು ನಿಮಗೆ ಹೇಳಬೇಕಾಗಿಲ್ಲ.

ಊಟ ಬೇಡ ಅಂತ ನಾವು ಹೇಳುವುದಿಲ್ಲ. ಮಗು ಬಂದ ಸಂತೋಷಕ್ಕೆ ನಾಲ್ಕು ಜನಕ್ಕೆ ಬಡಿಸದಿದ್ದರೆ ಮನಸ್ಸು ಒಪ್ಪುವುದಿಲ್ಲ. ಆದರೆ ಬಸುರಿ ಎಂದು ಗೊತ್ತಾದ ತಿಂಗಳಿಂದ ವಾರಕ್ಕೆ 50 ರೂ. ಬೇರೆ ಇಟ್ಟರೆ ಕೂಸಿಗೆ ಎರಡು ತಿಂಗಳಾಗುವ ಹೊತ್ತಿಗೆ ಎರಡು ಸಾವಿರ ಸೇರಿರುತ್ತದೆ. ಪೂಜೆ ಮುಗಿದ ಮೇಲೆ ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು, ಕಾಫಿ ಕೊಡಬಹುದು. ಒಂದೇ ತಿಂಗಳಲ್ಲಿ ಮೂರ್ನಾಲ್ಕು ಮಕ್ಕಳಿದ್ದರೆ ಒಂದೇ ಭಾನುವಾರ ಸೇರಿಸಿ ಕೊಡಿಸಿ, ಅಡುಗೆ ಒಟ್ಟಿಗೆ ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಪಾತ್ರೆ, ಶಾಮಿಯಾನ ಸಂಘದ್ದೇ ಇದ್ದರೆ ಬಾಡಿಗೆಯೂ ಉಳಿಯಿತು.

ಇನ್ನೊಂದು ಎಣ್ಣೆಯ ಮಾತು ಆಡಲೇಬೇಕು. ಮಗುವಿಗೆ ಹಚ್ಚುವ ಎಣ್ಣೆಗೆ ಗುರುಗಳು ದುಡ್ಡು ಕೇಳುವುದಿಲ್ಲ. ಶಾಮಿಯಾನದ ಹಿಂದೆ ಗಂಡಸರು ಕೇಳುವ 'ಎಣ್ಣೆ'ಗೆ ಮಾತ್ರ ಅಡುಗೆಯಷ್ಟೇ ಖರ್ಚು. ಅದಕ್ಕೆ ಸಂಘದ ದುಡ್ಡಿನಿಂದ ಒಂದು ರೂಪಾಯಿಯೂ ಹೋಗಬಾರದು ಎಂದು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಅತ್ತಿಗೆಯ ಮುಖ ನೋಡಿ ಯಾರೂ ಮೆತ್ತಗಾಗಬಾರದು.

ಮತ್ತೆ, ಗಂಡು ಮಗುವಿಗೆ ಇನ್ನೂರು ಎಲೆ, ಹೆಣ್ಣು ಮಗುವಿಗೆ ಬರೀ ಕಾಫಿ. ಇದು ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಜ್ಞಾನಸ್ನಾನದ ನೀರಿನಲ್ಲಿ ಅಳತೆ ವ್ಯತ್ಯಾಸ ಇಲ್ಲ.

ಮುಚ್ಚಿಡಬಾರದ ಒಂದು ವಿಷಯ

ಪರಿಶಿಷ್ಟ ಜಾತಿಯ ಮೀಸಲಾತಿಯ ಪ್ರಶ್ನೆ. ರಾಷ್ಟ್ರಪತಿಗಳ 1950ರ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರು ಪರಿಶಿಷ್ಟ ಜಾತಿಯವರೆಂದು ಎಣಿಕೆಯಾಗುವುದಿಲ್ಲ. ದಲಿತ ಕ್ರೈಸ್ತರು ಇದು ಅನ್ಯಾಯ ಎಂದು ದಶಕಗಳಿಂದ ಹೇಳುತ್ತಿದ್ದಾರೆ, ನಾವೂ ಹಾಗೇ ತಿಳಿಯುತ್ತೇವೆ. ಆದರೆ ಆದೇಶ ಆದೇಶವೇ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೊಡಲಾಗದು ಎಂದಿತು. ಆಕೆ ಶಿಶುವಾಗಿದ್ದಾಗಲೇ ಪಡೆದ ಜ್ಞಾನಸ್ನಾನದ ದಾಖಲೆಯನ್ನೂ ಕೋರ್ಟ್ ನೋಡಿತು. ತಂದೆ ಹಿಂದೂ, ತಾಯಿ ಕ್ರೈಸ್ತೆ ಇರುವ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ನಿಮಗೇ ಗೊತ್ತು. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟ ಜಾತಿಯವರಿಗೆ ಹಿಂದುಳಿದ ವರ್ಗಗಳ ಪ್ರವರ್ಗ–1ರಲ್ಲಿ ಸ್ಥಾನ ಇದೆ. ಅದನ್ನು ಸರಿಯಾಗಿ ಮಾಡಿಸಿಕೊಳ್ಳಬಹುದು. ಜೇನುಕುರುಬ, ಕಾಡುಕುರುಬರಂಥ ಪರಿಶಿಷ್ಟ ಪಂಗಡದವರಿಗೆ ಈ ಮತದ ಷರತ್ತು ಅನ್ವಯಿಸುವುದಿಲ್ಲ. ದೇವಾಲಯದ ಪುಸ್ತಕದಲ್ಲಿ ಒಂದು, ತಾಲ್ಲೂಕು ಕಚೇರಿಯಲ್ಲಿ ಒಂದು ಬರೆಸಿ ಮಗುವಿನ ತಲೆಯ ಮೇಲೆ ತೂಗುಕತ್ತಿ ಇಡಬೇಡಿ. ತಿಳಿದು, ಯೋಚಿಸಿ, ಧೈರ್ಯವಾಗಿ ಮಾಡಿ.

ಮುಗಿದ ಮೇಲೆ

ಫೋಟೋ ತೆಗೆಸಿಕೊಳ್ಳುವ ಮುಂಚೆ ಗುರುಗಳ ಕಚೇರಿಗೆ ಹೋಗಿ ರಿಜಿಸ್ಟರಿನಲ್ಲಿ ಬರೆದದ್ದನ್ನು ಓದಿ. ಮಗುವಿನ ಹೆಸರು, ತಂದೆತಾಯಿ, ಜ್ಞಾನತಂದೆ–ಜ್ಞಾನತಾಯಿ, ಹುಟ್ಟಿದ ದಿನ ಮತ್ತು ಊರು, ಜ್ಞಾನಸ್ನಾನದ ದಿನ ಮತ್ತು ಸ್ಥಳ, ಕೊಟ್ಟ ಗುರುಗಳ ಹೆಸರು, ಇಷ್ಟು ಅದರಲ್ಲಿರುತ್ತದೆ. ತಾಯಿಯ ಹೆಸರನ್ನು ಅವಳ ಆಧಾರ್‌ನಲ್ಲಿರುವಂತೆ ಬರೆದಿದ್ದಾರೆಯೇ ನೋಡಿ. ಮುಂದೆ ಈ ಮಗುವಿನ ದೃಢೀಕರಣ, ಮದುವೆ ಎಲ್ಲವೂ ಇದೇ ಸಾಲಿನ ಪಕ್ಕದಲ್ಲಿ ದಾಖಲಾಗುತ್ತವೆ. ಅದಕ್ಕೇ ಮದುವೆಯ ಹೊತ್ತಿಗೆ ಹಳೆಯ ಪತ್ರ ನಡೆಯುವುದಿಲ್ಲ, ಹೊಸದಾಗಿ ಬರೆಸಿ ತನ್ನಿ ಎನ್ನುತ್ತಾರೆ. ಯಾವ ಧರ್ಮಕೇಂದ್ರ, ಯಾವ ವರ್ಷ ಎಂಬುದನ್ನು ತಾಯಿ ಕಾರ್ಡಿನ ಹಿಂದೆ ಬರೆದಿಡಿ. ಕೊಡಗಿನ ಕಡೆ ಕೆಲಸಕ್ಕೆ ಹೋದಾಗ ಅಲ್ಲೇ ಜ್ಞಾನಸ್ನಾನ ಆಗಿದ್ದರೆ ಪತ್ರದ ಒಂದು ಜೆರಾಕ್ಸ್ ಪ್ರತಿಯನ್ನು ನಿಮ್ಮ ಊರಿನ ಗುರುಗಳಿಗೂ ಕೊಡಿ, ಇನ್ನೊಂದನ್ನು ಜನನ ಪತ್ರದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪೆಟ್ಟಿಗೆಯಲ್ಲಿಡಿ.